ಸತ್ತವರನ್ನು ಎಬ್ಬಿಸುವ ಸರದಿ

ಫೆಬ್ರವರಿ 9

ಅಮ್ಮಾ,

ಇದನ್ನು ಫೋನಿನಲ್ಲೇ ಹೇಳಬಹುದಿತ್ತು. ಆದರೆ ನಿನ್ನ ಲ್ಯಾಬಿನಲ್ಲಿ ಹಲ್ಲಿನ ಸೆಟ್ಟು ಉಜ್ಜುವ ಮೆಷಿನ್ನಿನ ಸದ್ದಿನ ಮೇಲೆ ಇಂಥ ಮಾತನ್ನು ಕೂಗಿ ಹೇಳುವುದು ನನ್ನಿಂದಾಗಲಿಲ್ಲ. ಕುಳಿತುಕೊಂಡು ಓದು.

ಅಪ್ಪ ಸಿಕ್ಕಿದ. ಈ ಊರಲ್ಲೇ ಇದ್ದಾನೆ.

ಆಸ್ಪತ್ರೆಯಿಂದ ನನ್ನ ರೂಮಿಗೆ ಬರುವ ದಾರಿಯಲ್ಲಿ ಒಂದು ಕನ್ನಡಕದ ಅಂಗಡಿಯಿದೆ. ಇಲ್ಲಿ ಕೆಲಸಕ್ಕೆ ಸೇರಿದಾಗಿನಿಂದ ಅದರ ಮುಂದೆಯೇ ಓಡಾಡುತ್ತಿದ್ದೆ. ಮೊನ್ನೆ ಅದರ ಗಾಜಿನ ಬೀರುವಿನಲ್ಲಿ, ಫ್ರೇಮುಗಳ ಸಂದಿಯಲ್ಲಿ, ಬೆರಳುದ್ದದ ತವರದ ಸೈನಿಕರು ನಿಂತಿರುವುದು ಕಂಡಿತು. ಕೆಂಪು ನಿಲುವಂಗಿ, ಅಂಚಿಗೆ ಕೂದಲೆಳೆಯಷ್ಟು ಹಳದಿ ಗೆರೆ. ಆ ಗೆರೆ ಎಳೆಯುವಾಗ ಉಸಿರು ಬಿಗಿಹಿಡಿದು, ನನ್ನನ್ನೂ ಉಸಿರಾಡದ ಹಾಗೆ ಕೂರಿಸುತ್ತಿದ್ದವನು ಯಾರೆಂದು ನಿನಗೆ ನಾನು ಹೇಳಬೇಕಿಲ್ಲ.

ಒಳಗೆ ಹೋದೆ. ಬಾಯಿಗೆ ಬಂದ ಹೆಸರು ಕೊಟ್ಟು ಕಣ್ಣು ಪರೀಕ್ಷೆ ಮಾಡಿಸಿಕೊಂಡೆ. ಪರೀಕ್ಷೆ ಮಾಡಿದವನು ಅವನೇ. ಮೆಷಿನ್ನಿನ ಮೇಲೆ ಗದ್ದ ಇಡಲು ಹೇಳಿದ, ಇಟ್ಟೆ. ಗೇಣು ದೂರದಲ್ಲಿ ಕುಳಿತು ನನ್ನ ಎರಡೂ ಕಣ್ಣಿಗೆ ದೀಪ ಬಿಟ್ಟು ಒಳಗೆಲ್ಲ ನೋಡಿದ. "ಕಣ್ಣು ಚೆನ್ನಾಗಿದೆಯಮ್ಮ, ನಿನಗೇನೂ ಬೇಡ" ಅಂದ. ಅಷ್ಟೇ. ಎಂಟು ವರ್ಷ ತೊಡೆಯ ಮೇಲೆ ಕೂರಿಸಿಕೊಂಡ ಮಗಳು ನಾನು, ಅಮ್ಮ! ಅವನಿಗೆ ಗುರುತೇ ಸಿಗಲಿಲ್ಲ. ಹೊರಗೆ ಬಂದು ಬಸ್ ನಿಲ್ದಾಣದಲ್ಲಿ ಕುಳಿತೆ. ಅಳು ಬರಲಿಲ್ಲ, ಮೈಯೆಲ್ಲ ಉರಿಯಿತು.

ಅಂಗಡಿಯ ಮಹಡಿಯಲ್ಲಿ ಭಾನುವಾರ ಭಾನುವಾರ ಈ ಸೈನಿಕರ ಆಟ ನಡೆಯುತ್ತದಂತೆ. ಬಾಗಿಲಗಲದ ಮೇಜು, ಅದರ ಮೇಲೆ ಗುಡ್ಡ, ಮನೆ, ಬೇಲಿ. ಒಬ್ಬೊಬ್ಬರದು ಒಂದೊಂದು ಸೈನ್ಯ. ಟೇಪು ಹಿಡಿದು ಅಳೆದು ನಡೆಸಬೇಕು, ದಾಳ ಎಸೆದು ಹೊಡೆಯಬೇಕು. ರಾಜರ ಸೈನ್ಯವಿದೆ, ಕಾಡುಜನರದಿದೆ, ಗೋರಿಯಿಂದ ಎದ್ದುಬಂದ ಅಸ್ಥಿಪಂಜರಗಳದೂ ಒಂದಿದೆ. ಜುಲೈಯಲ್ಲಿ ದೊಡ್ಡ ಪಂದ್ಯಾವಳಿ. ಇವನು ಅಲ್ಲಿನ ಹಿರಿಯ, ಎಲ್ಲರ ಬಾಯಲ್ಲೂ "ಮೇಷ್ಟ್ರು".

ಅವನ ಸೈನಿಕರ ಪೆಟ್ಟಿಗೆ ಇನ್ನೂ ಅಟ್ಟದ ಮೇಲಿದೆಯಾ? ಇದ್ದರೆ ಕಳಿಸು. ಜುಲೈಯಲ್ಲಿ ಅವನಿಗೆ ಮಣ್ಣು ಮುಕ್ಕಿಸಬೇಕು, ಅದೂ ಅವನ ಜನರಿಂದಲೇ.

ನಿನ್ನ ಗುಬ್ಬಿ


ಫೆಬ್ರವರಿ 20

ಗುಬ್ಬಿ,

ಕಾಗದ ಓದಿ ಒಂದು ಮೇಲ್ದವಡೆಯ ಸೆಟ್ಟು ಕೈಜಾರಿ ಬಿತ್ತು. ಪಾಪ, ನಿವೃತ್ತ ಅಂಚೆಯವರೊಬ್ಬರದು. ಅವರು ಇನ್ನೊಂದು ವಾರ ಗಂಜಿ ಕುಡಿಯಬೇಕು. ಅದೂ ಆ ಮನುಷ್ಯನ ಲೆಕ್ಕಕ್ಕೇ ಸೇರಲಿ.

ಮೊದಲು ನಿನಗೆ ಬೈಯಬೇಕು ಅಂದುಕೊಂಡೆ. ಯಾಕೆ ಹೋದೆ, ಯಾಕೆ ಗದ್ದ ಇಟ್ಟೆ ಅಂತ. ಆಮೇಲೆ ನಾನೇ ಏಣಿ ಹಾಕಿಕೊಂಡು ಅಟ್ಟ ಹತ್ತಿದೆ.

ನಿನಗೆ ಎಷ್ಟು ನೆನಪಿದೆಯೋ ಗೊತ್ತಿಲ್ಲ. ಊಟದ ಮೇಜಿನ ಮೇಲೆ ನಿಮ್ಮಿಬ್ಬರ ಆಟ ಹರಡಿತ್ತು. ಸರದಿ ಅವನದು. "ಒಂದು ನಿಮಿಷ, ಬಂದೆ" ಅಂತ ಎದ್ದ. ಚಪ್ಪಲಿ ಮೆಟ್ಟಿಕೊಂಡ ಸದ್ದು ನನಗೆ ಒಳಗಿನಿಂದ ಕೇಳಿಸಿತು. ಸಿಗರೇಟಿಗೆ ಹೋದ ಅಂದುಕೊಂಡೆ. ಆ ಬೇಸಿಗೆಯೆಲ್ಲ ನೀನು ನನಗೆ ಮೇಜು ಮುಟ್ಟಲು ಬಿಡಲಿಲ್ಲ. "ಅಪ್ಪನ ಸರದಿ ಇದೆ" ಅಂತ ಹಟ. ನಾವಿಬ್ಬರೂ ನೆಲದ ಮೇಲೆ ಕುಳಿತೇ ಉಂಡೆವು. ಆಮೇಲೆ ನೀನು ಶಾಲೆಗೆ ಹೋಗಿದ್ದಾಗ ನಾನು ಎಲ್ಲವನ್ನೂ ಪೆಟ್ಟಿಗೆಗೆ ಬಾಚಿ ಹಾಕಿದೆ.

ಸಾಮಾನು ಬಿಟ್ಟುಹೋದವನು ಸಾಮಾನಿಗಾದರೂ ಬರುತ್ತಾನೆ ಅಂತ ನಾನೂ ಕಾದೆ, ಗುಬ್ಬಿ. ಹೆಂಡತಿ ಮಗಳಿಗೆ ಬಾರದಿದ್ದರೂ ತನ್ನ ಸೈನಿಕರಿಗೆ ಬಂದೇ ಬರುತ್ತಾನೆ ಅಂತ. ಬಹಳ ವರ್ಷ ಆ ಪೆಟ್ಟಿಗೆಯ ಧೂಳು ಒರೆಸಿದೆ. ಒಂದು ದಿನ ಒರೆಸುವುದನ್ನು ಬಿಟ್ಟು ಅಟ್ಟಕ್ಕೆ ಹಾಕಿದೆ.

ಕಳಿಸುತ್ತೇನೆ. ಆದರೆ ಹೀಗೇ ಕಳಿಸುವುದಿಲ್ಲ. ಅಸ್ಥಿಪಂಜರಗಳ ಸೈನ್ಯ ಒಂದಿದೆ ಅಂತ ಬರೆದಿದ್ದೀಯಲ್ಲ. ನನ್ನ ಕೈಯಲ್ಲಿ ಡ್ರಿಲ್ಲಿದೆ, ಮೇಣವಿದೆ, ಹಲ್ಲಿಗೆ ಹಾಕುವ ಪುಡಿಯಿದೆ. ಒಬ್ಬೊಬ್ಬನನ್ನೂ ಹಿಡಿದು ಮಾಂಸ ಕೆರೆದು ಮೂಳೆ ಮಾಡುತ್ತೇನೆ. ನಿಲುವಂಗಿ ಮಾತ್ರ ಹಾಗೇ ಇರಲಿ, ಹರಿದ ಹಾಗೆ ಮಾಡುತ್ತೇನೆ. ಆ ಹಳದಿ ಗೆರೆ ಅವನಿಗೆ ಕಾಣಬೇಕು.

ಅಮ್ಮ


ಮಾರ್ಚ್ 15

ಅಮ್ಮಾ,

ಮೊದಲ ಪಾರ್ಸೆಲ್ ಬಂತು. ಹಲ್ಲಿನ ಸೆಟ್ಟಿನ ಡಬ್ಬಿಗಳಲ್ಲಿ ಅವರನ್ನು ಹತ್ತಿಯ ಮೇಲೆ ಮಲಗಿಸಿ ಕಳಿಸಿದ್ದೀಯ. ತೆರೆದು ನೋಡಿ ನಾನು ಗಹಗಹಿಸಿ ನಕ್ಕೆ. ಪಕ್ಕದ ರೂಮಿನ ನರ್ಸ್ ಬಂದು ಇಣುಕಿ, ಡಬ್ಬಿ ನೋಡಿ, ಬಾಗಿಲು ಎಳೆದುಕೊಂಡು ಹೋದಳು.

ಕೆಲಸ ಅದ್ಭುತವಾಗಿದೆ. ಆದರೆ ಎಕ್ಸ್‌ರೇ ತೆಗೆಯುವವಳ ಎರಡು ಮಾತು ಕೇಳು. ಹಲ್ಲೆಲ್ಲ ಎಷ್ಟು ಚೆನ್ನಾಗಿವೆಯೆಂದರೆ ಇವರು ಸತ್ತದ್ದೇ ಸುಳ್ಳು ಅನ್ನಿಸುತ್ತದೆ. ಕತ್ತಿನಿಂದ ಕೆಳಗೆ ಮಾತ್ರ ನಿನಗೆ ಮನುಷ್ಯನ ಪರಿಚಯವೇ ಇಲ್ಲ. ಒಬ್ಬನಿಗೆ ಮೊಣಕೈ ಹಿಂದುಮುಂದಾಗಿದೆ. ಇನ್ನೊಬ್ಬನಿಗೆ ಪಕ್ಕೆಲುಬು ಹೊಟ್ಟೆಯವರೆಗೂ ಇಳಿದಿದೆ, ಅವನು ಜೀವಮಾನದಲ್ಲಿ ಬಗ್ಗಿರಲಾರ. ಹಳೆಯ ಎಕ್ಸ್‌ರೇ ಹಾಳೆ ಕಳಿಸುತ್ತಿದ್ದೇನೆ, ಕಿಟಕಿಗೆ ಹಿಡಿದು ನೋಡಿಕೊಂಡು ಮಾಡು.

ಆ ಮಹಡಿಯ ಆಟದ ಕ್ಲಬ್ಬಿಗೆ ಅದೇ ಸುಳ್ಳು ಹೆಸರಿನಲ್ಲಿ ಸೇರಿದೆ. ಕ್ಲಬ್ಬಿನ ಹಳೇ ಅಸ್ಥಿಪಂಜರಗಳನ್ನೇ ಕಡ ತೆಗೆದುಕೊಂಡು ಕಲಿಯುತ್ತಿದ್ದೇನೆ. ನಮ್ಮವರನ್ನು ಪಂದ್ಯದ ದಿನದವರೆಗೂ ಯಾರಿಗೂ ತೋರಿಸುವುದಿಲ್ಲ. ನನಗೆ ಅಲ್ಲಿ "ಮೂಳೆ" ಅಂತ ಹೆಸರಿಟ್ಟಿದ್ದಾರೆ.

ಈ ಸೈನ್ಯದ ಗುಟ್ಟು ಹೇಳುತ್ತೇನೆ, ನಿನಗೆ ಇಷ್ಟವಾಗುತ್ತದೆ. ಇವರು ನಿಧಾನ, ದಡ್ಡರು, ಒಂದೇಟಿಗೆ ಬೀಳುತ್ತಾರೆ. ಆದರೆ ಪ್ರತಿ ಸರದಿಯ ಆರಂಭದಲ್ಲಿ, ಇವರ ರಾಜ ನಿಂತಿರುವವರೆಗೂ, ಬಿದ್ದವರನ್ನು ಮತ್ತೆ ಎಬ್ಬಿಸಬಹುದು. ಎದುರಾಳಿಯವರು ಸತ್ತರೆ ಸತ್ತರು. ಇನ್ನೊಂದು ಪದ್ಧತಿಯಿದೆ. ಸತ್ತ ಸೈನಿಕನನ್ನು ಎದುರಾಳಿ ಮುಟ್ಟುವ ಹಾಗಿಲ್ಲ, ಅವರವರ ಹೆಣ ಅವರವರೇ ಎತ್ತಬೇಕು.

ಅವನು ಮುಂದಿನ ಮೇಜಿನಲ್ಲೇ ಇರುತ್ತಾನೆ. ಸ್ವಲ್ಪ ಬಗ್ಗಿದ್ದಾನೆ. ನಿನಗೆ ಇದೆಲ್ಲ ಬೇಕೋ ಬೇಡವೋ ಗೊತ್ತಾಗುವುದಿಲ್ಲ, ಅದಕ್ಕೇ ಇಷ್ಟೇ ಬರೆದೆ.

ಗುಬ್ಬಿ ಉರುಫ್ ಮೂಳೆ


ಏಪ್ರಿಲ್ 2

ಗುಬ್ಬಿ,

ಬೇಡ. ಬಗ್ಗಿದ್ದಾನೋ ನೆಟ್ಟಗಿದ್ದಾನೋ ನನಗೆ ಬೇಡ. ತಲೆಗೂದಲು ಉದುರಿದ್ದರೆ ಅದೊಂದು ಬರಿ.

ಮೊಣಕೈ ಸರಿಮಾಡಿದ್ದೇನೆ. ಲ್ಯಾಬಿನ ಕಿಟಕಿ ತುಂಬ ಯಾರದೋ ಸೊಂಟ, ಯಾರದೋ ಬೆನ್ನು ಅಂಟಿಸಿಕೊಂಡಿದ್ದೇನೆ. ಅಳತೆ ಕೊಡಲು ಬಂದವರು ಬಾಯಿ ತೆರೆಯಲು ಹೆದರುತ್ತಿದ್ದಾರೆ.

ಈಗ ರಾಜನ ಕೆಲಸಕ್ಕೆ ಕುಳಿತಿದ್ದೇನೆ. ಅವನ ಹಳೆಯ ರಾಜ, ಕತ್ತಿ ಎತ್ತಿ ನಿಂತವನು. ಆ ತಲೆ ಕಿತ್ತು ಹೊಸ ಬುರುಡೆ ಮಾಡುತ್ತಿದ್ದೇನೆ. ಆ ಮನುಷ್ಯ ನನಗೆ ಮೊದಲು ಸಿಕ್ಕಿದ್ದೇ ಲ್ಯಾಬಿನಲ್ಲಿ, ಮುಂದಿನ ಹಲ್ಲು ಕಟ್ಟಿಸಿಕೊಳ್ಳಲು ಬಂದಾಗ. ಅವನ ಬಾಯಿಯ ಅಚ್ಚು ತೆಗೆದವಳು ನಾನು. ಎಡಗಡೆಯ ಕೋರೆ ಪಕ್ಕದ ಹಲ್ಲಿನ ಮೇಲೆ ಹತ್ತಿಕೊಂಡಿದೆ. ಕೆಳಗಿನ ಸಾಲಿನಲ್ಲಿ ಒಂದು ಸಂದಿ. ಮತ್ತೆ ನಾನು ಕಟ್ಟಿದ ಆ ಹಲ್ಲು. ಹೊಸದಾಗಿ ಕೆಲಸಕ್ಕೆ ಸೇರಿದ್ದೆ, ಬಣ್ಣ ಹೊಂದಿಸಲು ಬರದೆ ಸ್ವಲ್ಪ ಹೆಚ್ಚೇ ಬೆಳ್ಳಗೆ ಮಾಡಿಬಿಟ್ಟೆ. ಬದಲಾಯಿಸಿ ಕೊಡ್ತೀನಿ ಅಂದರೆ ಅವನು ಒಪ್ಪಲಿಲ್ಲ. "ನಕ್ಕಾಗೆಲ್ಲ ನಿನ್ನ ನೆನಪಾಗ್ಲಿ" ಅಂದಿದ್ದ. ಆ ಮಾತಿಗೆ ಮರುಳಾದೆ ನೋಡು, ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ.

ಈ ಎಲ್ಲವೂ ರಾಜನ ಬಾಯಲ್ಲಿ ಇರುತ್ತದೆ. ಭೂತಗನ್ನಡಿ ಹಿಡಿದು, ಸೂಜಿಯ ಮೊನೆಯಲ್ಲಿ ಒಂದೊಂದೇ ಹಲ್ಲು ಕೂರಿಸುತ್ತಿದ್ದೇನೆ. ಮಗಳ ಮುಖ ಮರೆಯಬಹುದು. ನಾಲಿಗೆ ದಿನವೂ ತಡವುವ ಹಲ್ಲನ್ನು ಹೇಗೆ ಮರೆಯುತ್ತಾನೆ ನೋಡೋಣ.

ಅಮ್ಮ


ಮೇ 4

ಅಮ್ಮಾ,

ಈ ಸಲ ತಡವಾಯಿತು. ಆಸ್ಪತ್ರೆಯಲ್ಲಿ ಕೆಲಸ ಹೆಚ್ಚು.

ಮೊನ್ನೆ ಮೇಷ್ಟ್ರ ಜೊತೆ ಅಭ್ಯಾಸದ ಆಟ ಆಡಿದೆ. ಸೋತೆ. ಚೆನ್ನಾಗಿಯೇ ಆಡುತ್ತಿದ್ದೆ, ಆದರೆ ಹೊಸಬರೆಲ್ಲ ಮಾಡುವ ತಪ್ಪನ್ನೇ ಮಾಡಿದೆ. ಹೊಡೆಯುವ ಆತುರದಲ್ಲಿ ಸರದಿಯ ಆರಂಭದಲ್ಲಿ ಸತ್ತವರನ್ನು ಎಬ್ಬಿಸುವುದನ್ನೇ ಮರೆತೆ. ಒಮ್ಮೆ ಮುಂದೆ ನಡೆದರೆ ಆಮೇಲೆ ಎಬ್ಬಿಸುವ ಹಾಗಿಲ್ಲ. ಅವರು ಸುಮ್ಮನಿದ್ದು ಗೆಲ್ಲಬಹುದಿತ್ತು. ಟೇಪು ಕೆಳಗಿಟ್ಟು, "ಮೊದಲು ನಿನ್ನ ಸತ್ತವರನ್ನ ನೆನಪು ಮಾಡ್ಕೊ, ಮಗು. ಆಮೇಲೆ ನನ್ನ ಹತ್ರ ಬಾ" ಅಂದರು. ಆ ಸರದಿಯನ್ನು ಮತ್ತೆ ಆಡಲು ಬಿಟ್ಟರು.

ಆಟ ಮುಗಿದ ಮೇಲೆ ಅವರೇ ಚಹಾ ತಂದುಕೊಟ್ಟರು. ಕುಂಚ ಹಿಡಿಯುವಾಗ ಕಿರುಬೆರಳನ್ನು ಮೇಜಿಗೆ ಊರಬೇಕಂತೆ, ಆಗ ಕೈ ಅಲುಗುವುದಿಲ್ಲ. ನಾನು ಹಾಗೇ ಊರುತ್ತೇನೆ ಅಂತ ಆಗ ಗೊತ್ತಾಯಿತು. ಯಾರು ಕಲಿಸಿದ್ದೋ ಮರೆತೇ ಹೋಗಿತ್ತು.

ರಾಜನಿಗೆ ಅವಸರವಿಲ್ಲ. ನಿಧಾನವಾಗಿ ಮಾಡು.

ನಿನ್ನ ಗುಬ್ಬಿ


ಮೇ 12

ಗುಬ್ಬಿ,

ಫೆಬ್ರವರಿಯಲ್ಲಿ "ಅವನು" ಇದ್ದ. ಮೇ ತಿಂಗಳಿಗೆ "ಅವರು" ಬಂದಿದ್ದಾರೆ. ಚಹಾ ಚೆನ್ನಾಗಿತ್ತಾ?

ರಾಜ ಮುಗಿದಿದ್ದಾನೆ. ಕಳಿಸಬೇಕೋ, ಕುಟ್ಟಿ ಪುಡಿ ಮಾಡಬೇಕೋ ಹೇಳು.

ಅಮ್ಮ


ಮೇ 30

ಗುಬ್ಬಿ,

ಉತ್ತರವಿಲ್ಲ. ಫೋನಿನಲ್ಲಿ ಊಟ ಆಯ್ತಾ, ಆಯ್ತು ಅಂತೀಯ. ನಾನೂ ಅಷ್ಟೇ ಅಂತೀನಿ.

ಆ ದಿನ ಹೊಟ್ಟೆ ಉರಿದು ಬರೆದೆ. ಉರಿ ಇನ್ನೂ ಇದೆ, ಸುಳ್ಳು ಯಾಕೆ ಹೇಳಲಿ. ನಿನ್ನನ್ನು ಒಬ್ಬಳೇ ಸಾಕಿದೆ ಅನ್ನುವ ಜಂಭ ನನ್ನದು. ಅವನು ಒಂದು ಲೋಟ ಚಹಾದಲ್ಲಿ ಪಾಲು ಕೇಳುತ್ತಿದ್ದಾನೆ ಅನ್ನಿಸಿತು. ನಿನಗೆ ಅವನು ಬೇಕು ಅನ್ನಿಸಿದರೆ ಹಾಗೇ ಹೇಳು. ನಾನು ತಡೆದುಕೊಳ್ಳುತ್ತೇನೆ. ತಡೆದುಕೊಳ್ಳದಿದ್ದರೂ ನಿನಗೆ ಕಾಣದ ಹಾಗೆ ಇರುತ್ತೇನೆ.

ರಾಜನನ್ನು ಡಬ್ಬಿಯಲ್ಲಿಟ್ಟು ಬೀಗ ಹಾಕಿದ್ದೇನೆ.

ಅಮ್ಮ


ಜೂನ್ 21

ಅಮ್ಮಾ,

ರಾಜನನ್ನು ಕಳಿಸು. ಇವತ್ತೇ ಕಳಿಸು.

ನೀನು ಕೇಳಿದ್ದಕ್ಕೆ ಹೌದು ಅಂತಲೇ ಉತ್ತರ ಬರೆಯಲು ಕುಳಿತಿದ್ದೆ. ನಿಜ ಹೇಳುತ್ತೇನೆ, ಎರಡು ಸಲ ಕುಳಿತೆ. ಮುಂದಿನ ಭಾನುವಾರ ಅವನಿಗೆ ಹೇಳಿಬಿಡುತ್ತೇನೆ, ಆಮೇಲೆ ನಿನಗೆ ಬರೆಯುತ್ತೇನೆ ಅಂದುಕೊಂಡೆ. ನಾಲಿಗೆಯ ತುದಿಯಲ್ಲಿ ಮಾತು ಇಟ್ಟುಕೊಂಡೇ ಹೋದೆ.

ಚಹಾದ ಹೊತ್ತು. ಹೊಸದಾಗಿ ಸೇರಿದ ಬ್ಯಾಂಕಿನವನೊಬ್ಬ ಎಲ್ಲರ ಸಂಸಾರ ವಿಚಾರಿಸುತ್ತಿದ್ದ. "ಮೇಷ್ಟ್ರೇ, ನಿಮಗೆ ಮಕ್ಕಳು?" ಅಂದ. ಇವನು ಬಿಸ್ಕತ್ತನ್ನು ಚಹಾದಲ್ಲಿ ಅದ್ದುತ್ತಿದ್ದ. ತಲೆಯನ್ನೂ ಎತ್ತಲಿಲ್ಲ. "ಇಲ್ಲಪ್ಪ. ಯಾರೂ ಇಲ್ಲ. ಈ ಗೊಂಬೆಗಳೇ ಎಲ್ಲ" ಅಂದ. ಎಷ್ಟು ಸಲೀಸಾಗಿ ಬಂತು ಅಮ್ಮ ಆ ಮಾತು! ಬಿಸ್ಕತ್ತು ಸಹ ಮುರಿದು ಬೀಳಲಿಲ್ಲ.

ನಾನು ಎದುರಿಗೇ ಇದ್ದೆ. ಲೋಟ ಇಟ್ಟೆ. ಈ ಪಂದ್ಯಾವಳಿಯಲ್ಲಿ ಒಂದು ಪದ್ಧತಿಯಿದೆ. ಮೊದಲ ಸುತ್ತಿಗೆ ಯಾರು ಯಾರನ್ನು ಬೇಕಾದರೂ ಹೆಸರು ಹಿಡಿದು ಕರೆಯಬಹುದು. ಅದಕ್ಕೆ ಅವರು ತಮಾಷೆಗೆ "ಸೇಡಿನ ಪಂದ್ಯ" ಅನ್ನುತ್ತಾರೆ. ಗೆಳೆಯ ಗೆಳೆಯನನ್ನು ಕರೆಯುತ್ತಾನೆ, ಸೋತವನು ಎಲ್ಲರಿಗೂ ತಿಂಡಿ ಕೊಡಿಸುತ್ತಾನೆ. ನಾನು ಎದ್ದು ನಿಂತು ಮೇಷ್ಟ್ರನ್ನು ಕರೆದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಇವನು ನಕ್ಕ. "ನನ್ನ ಮೇಲೆ ನಿಂಗೇನಮ್ಮ ಸೇಡು?" ಅಂದ. ಆ ಬಿಳಿ ಹಲ್ಲು ಕಂಡಿತು.

ಗುಬ್ಬಿ


ಜುಲೈ 1

ಗುಬ್ಬಿ,

ರಾಜ ಹೊರಟಿದ್ದಾನೆ. ಮೇಣದ ಕಾಗದದಲ್ಲಿ ಸುತ್ತಿದ್ದೇನೆ, ಎಳೆಯಬೇಡ, ಬಿಡಿಸು. ಬಾಯಿಗೆ ಬಣ್ಣ ಹಾಕಬೇಡ, ನಾನು ಹಾಕಿದ್ದೇ ಇರಲಿ.

ನಾನು ಅಲ್ಲಿಗೆ ಬರುವುದಿಲ್ಲ. ಬಂದರೆ ಆಟ ಕೆಡುತ್ತದೆ, ನಾನು ಮೇಜನ್ನೇ ಮಗುಚುತ್ತೇನೆ. ನೀನು ನಿಧಾನವಾಗಿ ಮಾಡು. ಹಲ್ಲು ಕಚ್ಚಿಕೊಂಡು, ನಿಯಮ ಬಿಡದೆ ಮಾಡು. ಮಧ್ಯದಲ್ಲಿ ಕರುಣೆ ಬಂದರೆ ಬಿಸ್ಕತ್ತು ನೆನಪಿಸಿಕೊ.

ಅಮ್ಮ


ಜುಲೈ 20

ಅಮ್ಮಾ,

ಮುಗಿಯಿತು. ಹೇಗೆ ಮುಗಿಯಿತು ಅಂತ ಬರೆಯಲು ವಾರ ಬೇಕಾಯಿತು.

ದೊಡ್ಡ ಸಭಾಂಗಣ, ಸಾಲು ಸಾಲು ಮೇಜು. ನಾನು ಡಬ್ಬಿಗಳನ್ನು ತೆರೆದು ಒಬ್ಬೊಬ್ಬರನ್ನೇ ಸಾಲಿಗೆ ನಿಲ್ಲಿಸಿದೆ. ಅವನು ಇಷ್ಟಗಲ ಮುಖ ಮಾಡಿಕೊಂಡು, "ಎಂಥ ಕೈಕೆಲಸ! ಯಾರು ಮಾಡಿದ್ದು?" ಅಂದ. "ನಮ್ಮಮ್ಮ" ಅಂದೆ. ಜೇಬಿನಿಂದ ಭೂತಗನ್ನಡಿ ತೆಗೆದು ಬಗ್ಗಿದ. ಮೊದಲ ಸಾಲಿನ ಹರಿದ ನಿಲುವಂಗಿ ನೋಡಿದ. ಹಳದಿ ಗೆರೆ ನೋಡಿದ. ಭೂತಗನ್ನಡಿ ಅಲ್ಲೇ ನಿಂತಿತು. ಆಗ ನಾನು ರಾಜನನ್ನು ತೆಗೆದು ಅವನ ಮೂಗಿನ ಕೆಳಗೆ ಇಟ್ಟೆ.

ಬಹಳ ಹೊತ್ತು ನೋಡಿದ. ಅವನ ತುಟಿ ಮುಚ್ಚಿತ್ತು, ಒಳಗೆ ನಾಲಿಗೆ ಮುಂದಿನ ಹಲ್ಲಿನ ಮೇಲೆ ಹರಿಯುವುದು ಹೊರಗಿನಿಂದಲೇ ಕಂಡಿತು. ಅಮ್ಮ, ನೀನು ಗೆದ್ದದ್ದು ಆಗಲೇ.

"ನಿಮ್ಮಮ್ಮ ಏನ್ಮಾಡ್ತಾರೆ?" ಅಂದ.

"ಹಲ್ಲು ಕಟ್ತಾರೆ" ಅಂದೆ.

ಕುರ್ಚಿ ಎಳೆದುಕೊಂಡು ಕುಳಿತುಬಿಟ್ಟ. ಗಂಟೆ ಹೊಡೆಯಿತು. ಮೊದಲ ಸರದಿ ಹೇಗೋ ಆಡಿದ, ದಾಳ ಎರಡು ಸಲ ಕೆಳಗೆ ಬಿತ್ತು. ಎರಡನೆಯ ಸರದಿಗೆ ಕೈ ಚಾಚಿದ. ಈ ಆಟದಲ್ಲಿ ನಡುವೆ ಕೈ ಚಾಚಿದರೆ ಸೋತೆ ಅಂತ ಅರ್ಥ. ಎದುರಿನವರು ಕೈ ಕುಲುಕಿದರೆ ಆಟ ಮುಗಿಯಿತು. ಕುಲುಕದೆ ಇರುವವರನ್ನು ಇದುವರೆಗೆ ಯಾರೂ ನೋಡಿಲ್ಲ.

ನಾನು ಎರಡೂ ಕೈಯನ್ನು ಕೋಟಿನ ಜೇಬಿಗೆ ಹಾಕಿದೆ. "ನಿಮ್ಮ ಸರದಿ, ಮೇಷ್ಟ್ರೇ."

"ಸಾಕು ಮಗು. ನೀನೇ ಗೆದ್ದೆ."

"ನನ್ನ ಆಟ ಇನ್ನೂ ಮುಗಿದಿಲ್ಲ. ನಿಮ್ಮ ಸರದಿ."

ಅಕ್ಕಪಕ್ಕದವರು ತಿರುಗಿದರು. ರೆಫರಿ ಬಂದಳು. ಅವಳದು ಬೇಕರಿ, ಸದಾ ನಗುವವಳು, ಅವತ್ತು ನಗಲಿಲ್ಲ. ನಿಯಮದ ಪುಸ್ತಕ ತಿರುವಿಹಾಕಿ, "ಅವಳು ಕೈ ಹಿಡಿಯೋವರೆಗೂ ಆಟ ಮುಗಿಯಲ್ಲ ಮೇಷ್ಟ್ರೇ. ನೀವು ಎದ್ದು ಹೋದ್ರೆ, ಮೇಜು ಬಿಟ್ಟು ಹೋದ್ರು ಅಂತ ಮೈಕಲ್ಲಿ ಹೇಳ್ಬೇಕಾಗುತ್ತೆ" ಅಂದಳು. ಅವನು ಕಲಿಸಿದವರೆಲ್ಲ ಅಲ್ಲಿದ್ದರು. ಅವನು ಮತ್ತೆ ಟೇಪು ತೆಗೆದುಕೊಂಡ.

ಸತ್ತವರನ್ನು ಎಬ್ಬಿಸುವುದನ್ನು ಒಂದು ಸರದಿಯೂ ಮರೆಯಲಿಲ್ಲ. ಅವನ ಕುದುರೆಯವರು ನಮ್ಮವರನ್ನು ತುಳಿದುಹಾಕಿದರು, ನಾನು ಎಬ್ಬಿಸಿದೆ. ಮತ್ತೆ ಬೀಳಿಸಿದರು, ಮತ್ತೆ ಎಬ್ಬಿಸಿದೆ. ಅವನವರು ಬಿದ್ದಾಗ ಅವನೇ ಎರಡು ಬೆರಳಲ್ಲಿ ಎತ್ತಿ ಪಕ್ಕಕ್ಕೆ ಮಲಗಿಸಬೇಕಾಗಿತ್ತು. ನಾನು ಅವನ ಮುಖ ಬಿಡದೆ ನೋಡುತ್ತಿದ್ದೆ. ತನ್ನ ರಾಜನನ್ನು ಬೇಕೆಂದೇ ಒಂಟಿಯಾಗಿ ಮುಂದೆ ತಂದು ನಿಲ್ಲಿಸಿದ, ಹೊಡೆದು ಮುಗಿಸಲಿ ಅಂತ. ನಾನು ಆ ರಾಜನನ್ನು ಸುತ್ತಿಕೊಂಡು ಹೋಗಿ ಉಳಿದವರನ್ನೆಲ್ಲ ಮುಗಿಸಿದೆ. ರಾಜನನ್ನು ಮುಟ್ಟಲಿಲ್ಲ. ಕೊನೆಯ ಗಂಟೆ ಹೊಡೆದಾಗ ಅವನ ಕಡೆ ಮೇಜಿನ ಮೇಲೆ ಉಳಿದದ್ದು ಆ ರಾಜ ಒಬ್ಬನೇ.

ಆಗ ಮತ್ತೆ ಕೈ ಚಾಚಿದ. ಆಟ ಮುಗಿದಿತ್ತು, ಈಗ ಕುಲುಕಲೇಬೇಕು. "ಗುಬ್ಬೀ" ಅಂದ. ಅಷ್ಟೇ ಅಂದ. ಆ ಹೆಸರು ಅವನ ಬಾಯಲ್ಲಿ ಕೇಳಲು ನಾನು ಎಷ್ಟು ವರ್ಷ ಕಾದಿದ್ದೆ ಅಂತ ನಿನಗೆ ಹೇಳಿರಲಿಲ್ಲ.

ನಾನು ಅವನ ಕಣ್ಣೊಳಗೆ ನೋಡಿದೆ. "ಒಂದು ನಿಮಿಷ, ಬಂದೆ" ಅಂದೆ.

ಮೆಟ್ಟಿಲಿಳಿದು ಬಸ್ಸು ಹತ್ತಿದೆ. ತಿರುಗಿ ನೋಡಲಿಲ್ಲ.

ಮರುದಿನ ಬೇಕರಿಯವಳು ನಮ್ಮವರನ್ನೆಲ್ಲ ಡಬ್ಬಿಗೆ ತುಂಬಿ ಆಸ್ಪತ್ರೆಗೆ ತಂದುಕೊಟ್ಟಳು. ಸೋತವರಿಗೂ ಇರುವ ಮುಂದಿನ ಸುತ್ತಿಗೆ ಕರೆದರೂ ಅವನು ಏಳಲಿಲ್ಲವಂತೆ. "ಅವಳು ಬಂದೆ ಅಂದಿದ್ದಾಳೆ" ಅಂತ ಅದೇ ಮೇಜಿನಲ್ಲಿ ಕುಳಿತಿದ್ದನಂತೆ, ಕಸ ಗುಡಿಸುವವರು ಬರುವವರೆಗೂ. ಡಬ್ಬಿಯಲ್ಲಿ ನಮ್ಮ ರಾಜ ಇಲ್ಲ. ಅವನ ಅಂಗಡಿಯ ಬೀರುವಿನಲ್ಲಿದ್ದಾನಂತೆ. ಅವಳೇ ಬಂದು ತಗೊಂಡು ಹೋಗಲಿ ಅಂದನಂತೆ.

ನಾನು ಈಗ ಹಿಂದಿನ ರಸ್ತೆಯಿಂದ ಓಡಾಡುತ್ತಿದ್ದೇನೆ, ಸ್ವಲ್ಪ ಸುತ್ತು. ರಾಜನನ್ನು ತರಲಾ, ಬೇಡವಾ?

ಗುಬ್ಬಿ


ಜುಲೈ 28

ಗುಬ್ಬಿ,

ಲ್ಯಾಬಿನಲ್ಲಿ ಓದಿದೆ. ಮೆಷಿನ್ ನಿಲ್ಲಿಸಿ, ಎದ್ದು ನಿಂತು ನಕ್ಕೆ. ಕಣ್ಣಲ್ಲಿ ನೀರು ಬರುವವರೆಗೂ ನಕ್ಕೆ. ನನಗೇನೂ ನಾಚಿಕೆಯಿಲ್ಲ. ಇಷ್ಟು ವರ್ಷಕ್ಕೆ ಒಂದು ದಿನ ಹೊಟ್ಟೆ ತಣ್ಣಗಾಯಿತು.

ಮನೆಗೆ ಬಂದು ಊಟದ ಮೇಜಿನ ಮುಂದೆ ಕುಳಿತಾಗ, ಆ ಮಾತು ನಿನ್ನ ಬಾಯಲ್ಲಿ ಹೇಗೆ ಕೇಳಿಸಿರಬಹುದು ಅಂತ ನೆನೆಸಿಕೊಂಡೆ. ಅದು ಅವನ ಧ್ವನಿಯಲ್ಲೇ ಕೇಳಿಸಿತು. ತಟ್ಟೆಯನ್ನು ಹಾಗೇ ಮುಚ್ಚಿಟ್ಟು ಎದ್ದೆ.

ರಾಜನನ್ನು ತರಬೇಡ. ಬಿಟ್ಟುಹೋದ ಸಾಮಾನು ಇಟ್ಟುಕೊಂಡು ಕಾಯುವುದು ಹೇಗಿರುತ್ತದೆ ಅಂತ ಅವನೂ ನೋಡಲಿ. ಬಾಗಿಲು ಸದ್ದಾದಾಗೆಲ್ಲ ತಲೆ ಎತ್ತಲಿ. ದಿನಾ ಬೆಳಗ್ಗೆ ಧೂಳು ಒರೆಸಲಿ. ನಿನಗೆ ನಾನು ಬೇರೆ ರಾಜನನ್ನು ಮಾಡುತ್ತಿದ್ದೇನೆ. ಈ ಸಲ ಯಾರ ಹಲ್ಲೂ ಅಲ್ಲ, ಬರೀ ಹಲ್ಲು.

ಒಂದು ಮಾತು. ಗೆದ್ದವರು ಯಾರೂ ಹಿಂದಿನ ರಸ್ತೆಯಿಂದ ಓಡಾಡುವುದಿಲ್ಲ. ಆ ಬಾಗಿಲು ಕಂಡರೆ ಎಲ್ಲಿ ಒಳಗೆ ಹೋಗಿಬಿಡುತ್ತೀಯೋ ಅನ್ನುವ ಹೆದರಿಕೆ ನಿನ್ನದು. ನನಗೆ ಗೊತ್ತು, ಒಂದು ದಿನ ಹೋಗುತ್ತೀಯ. ನಾನು ತಡೆಯುವುದಿಲ್ಲ, ಖುಷಿಯನ್ನೂ ಪಡುವುದಿಲ್ಲ. ಆದರೆ ಹೋಗುವ ದಿನ ನನಗೆ ಹೇಳಿ ಹೋಗು. ಹೇಳದೆ ಹೋದವರು ಈ ಮನೆಗೆ ಒಬ್ಬರೇ ಸಾಕು.

ಅಮ್ಮ